ಹದಿನಾರನೇ ನಂಬರಿನ ಎಲೆ

ಮಾರ್ಚ್ 4, ಸೋಮವಾರ

ಇನ್ನು ಮೇಲೆ ಲ್ಯಾಬಿನ ಸುದ್ದಿಯನ್ನು ಊಟದ ಮೇಜಿಗೆ ತರಕೂಡದು ಎಂದು ಅಕ್ಕನ ಅಪ್ಪಣೆಯಾಗಿದೆ. "ಮೂವತ್ತೈದು ವರ್ಷ ವಾರ್ಡಲ್ಲಿ ರೋಗಿಗಳ ಗೋಳು ಕೇಳಿದೀನಿ. ರಿಟೈರ್ ಆದ್ಮೇಲೂ ನಿನ್ನ ಬೂಷ್ಟಿನ ಗೋಳು ಕೇಳ್ಬೇಕಾ? ಬರ್ಕೊಂಡು ಸಮಾಧಾನ ಮಾಡ್ಕೋ ಹೋಗು" ಎಂದು ಈ ಡೈರಿಯನ್ನು ಕೈಗಿಟ್ಟಳು. ಸರಿ, ಬರೆಯುತ್ತೇನೆ. ಇದಕ್ಕಾದರೂ ಆಕಳಿಕೆ ಬರುವುದಿಲ್ಲ.

ಇವತ್ತು ಹೊಸಬಳ ತಟ್ಟೆ ತೆಗೆದೆವು. ಸೊನ್ನೆ. ಹದಿನಾರನೇ ನಂಬರಿನ ಎಲೆಯ ಸಾರ ಹಾಕಿದ ಬಿಲ್ಲೆಯ ಸುತ್ತ ಬೂಷ್ಟು ಹಾಯಾಗಿ ಹಬ್ಬಿಕೊಂಡಿತ್ತು. ಅದೇ ಎಲೆಯ ಸಾರ ನಾನು ಮಾಡಿದಾಗ ಜನವರಿಯಿಂದ ಮೂರು ಸಲ ಇಪ್ಪತ್ತು ಮಿಲಿಮೀಟರಿನ ಬೋಳು ವೃತ್ತ ಬಂದಿದೆ. ಕೋಣೆಯೂ ಒಂದೇ, ಬಾಟಲಿಯೂ ಒಂದೇ. ಅವಳಿಗೆ ಮಾತ್ರ ಬರುವುದಿಲ್ಲವಂತೆ.

ಹಿತ್ತಿಲ ಔಷಧಿ ತೋಟದಲ್ಲಿ ನಲವತ್ತು ಬಗೆಯ ಗಿಡಗಳಿವೆ. ಹೆಸರು ಹೊರಗೆ ಹೋಗಬಾರದೆಂದು ಎಲ್ಲಕ್ಕೂ ನಂಬರು. ಎಲೆ ಅರೆದು, ಮೆಥನಾಲಿನಲ್ಲಿ ನೆನೆಸಿ, ಸೋಸಿ, ಗಟ್ಟಿ ಮಾಡಿ, ಆ ಸಾರವನ್ನು ಕಾಗದದ ಬಿಲ್ಲೆಗೆ ಹಾಕಿ ಬೂಷ್ಟಿನ ತಟ್ಟೆಯ ಮೇಲೆ ಇಡುವುದು. ಎಲೆಯಲ್ಲಿ ಬೂಷ್ಟು ಕೊಲ್ಲುವ ಅಂಶವಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ವೃತ್ತ ಉಳಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಹೆಚ್ಚಿನವು ಸೊನ್ನೆ. ಬಡಪಾಯಿ ಒಂಬತ್ತನೇ ನಂಬರು ಯಾರು ಮಾಡಿದರೂ ಹತ್ತು ಮಿಲಿಮೀಟರು, ಅದನ್ನು ಯಾರೂ ಮೂಸಿ ನೋಡುವುದಿಲ್ಲ. ಹದಿನಾರು ನನ್ನ ಅದೃಷ್ಟ. ಮೊದಲ ಸಲ ಒಂದು ಪ್ರಬಂಧದಲ್ಲಿ ನನ್ನ ಹೆಸರು ಮೊದಲು ಬರಲಿದೆ, ಕೊನೆಯ ಸಾಲಿನ ಕೃತಜ್ಞತೆಯಲ್ಲಲ್ಲ.

ಆದರೆ ಲ್ಯಾಬಿನ ಸಾಹೇಬರು ಷರತ್ತು ಹಾಕಿದ್ದಾರೆ. ಏಪ್ರಿಲ್ ಮೂವತ್ತರೊಳಗೆ ಇನ್ನೊಬ್ಬರು ಮೊದಲಿಂದ ಮಾಡಿ ಅದೇ ಅಳತೆ ತೋರಿಸಬೇಕು. ಆ ಇನ್ನೊಬ್ಬರು ಈ ಹೊಸಬಳು. ಡಾಕ್ಟರೇಟ್ ಇದೆ, ಮೂವತ್ತನಾಲ್ಕು ವಯಸ್ಸು, ಮಗುವಿಗಾಗಿ ನಾಲ್ಕು ವರ್ಷ ಮನೆಯಲ್ಲಿದ್ದು ಬಂದವಳು. ಕೇಳಿದ್ದಕ್ಕಷ್ಟೇ ಉತ್ತರ, ಒಳ್ಳೇ ಗುಮ್ಮನಗುಸಕಿ. ಅವಳ ಆರು ತಿಂಗಳ ಪರೀಕ್ಷಾವಧಿಯೂ ಏಪ್ರಿಲ್ ಮೂವತ್ತಕ್ಕೇ ಮುಗಿಯುತ್ತದೆ. ಅವಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬ ಅಭಿಪ್ರಾಯ ಬರೆಯುವವಳು ನಾನು.

ಕೆಲಸ ಬರುವುದಿಲ್ಲವೋ, ಬೇಕೆಂದೇ ಕೆಡಿಸುತ್ತಾಳೋ, ನೋಡಬೇಕು.

ಮಾರ್ಚ್ 7, ಗುರುವಾರ

ಅಕ್ಕ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಂತು "ಹಚ್ಕೊಂಡ್ಯಾ?" ಎಂದಳು. ಇಲ್ಲ ಎಂದರೆ ಬಿಡುವವಳಲ್ಲ. ಮುಲಾಮಿನ ಟ್ಯೂಬು ಹಿಡಿದು ತಾನೇ ನನ್ನ ಬೆರಳ ಸಂದುಗಳಿಗೆಲ್ಲ ತಿಕ್ಕಿದಳು. ಚಳಿಗಾಲದಿಂದ ಇದೇ ಪಾಡು. ದಿನವಿಡೀ ಗಾಜಿನ ಸಾಮಾನು ತೊಳೆದು ತೊಳೆದು ಸಂದುಗಳು ಬೆಳ್ಳಗೆ ಬಿರಿದು ತುರಿಸುತ್ತವೆ. 

"ಊರಿನ ಬೂಷ್ಟನ್ನೆಲ್ಲ ಸಾಯ್ಸೋಕೆ ಹೊರಟವಳು ಕೈಯಲ್ಲೇ ಸಾಕ್ಕೊಂಡಿದೀಯಲ್ಲೇ. ನಿನ್ನ ಹದಿನಾರು ಅಷ್ಟು ಗಟ್ಟಿಗ ಆಗಿದ್ರೆ ಅದನ್ನೇ ಅರೆದು ಹಚ್ಕೋಬಾರ್ದಾ?" 

"ಪರೀಕ್ಷೆ ಆಗದ ಔಷಧಿ ಹಚ್ಚಬಾರ್ದು ಅಂತ ನರ್ಸ್ ಆದ ನಿಂಗೊತ್ತಿಲ್ವಾ?" ಎಂದೆ. ಲ್ಯಾಬಿನಲ್ಲಿ ಯಾರಿಗೂ ಹೇಳಿಲ್ಲ. ಬೂಷ್ಟಿನ ಲ್ಯಾಬಿನವಳಿಗೇ ಬೂಷ್ಟು ಹತ್ತಿದೆ ಎಂದರೆ ವರ್ಷವಿಡೀ ನಗುತ್ತಾರೆ. ಕೈಯನ್ನು ಏಪ್ರನ್ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತೇನೆ.

ಮಾರ್ಚ್ 12, ಮಂಗಳವಾರ

ನಾನೊಂದು, ಅವಳೊಂದು ಬ್ಯಾಚು ಜೊತೆಯಲ್ಲೇ ಮಾಡಿದ್ದೆವು. ನನ್ನದು ಇಪ್ಪತ್ತೊಂದು. ಅವಳದು ಸೊನ್ನೆ. ಬರೀ ಮೆಥನಾಲ್ ಹಾಕಿದ ಬಿಲ್ಲೆ ಎರಡೂ ತಟ್ಟೆಯಲ್ಲಿ ಸುಮ್ಮನೆ ಕೂತಿತ್ತು, ಅಂದರೆ ತಟ್ಟೆಗಳಲ್ಲಿ ದೋಷವಿಲ್ಲ. ಸ್ಕೇಲು ಹಿಡಿದು ಎರಡನ್ನೂ ನಾನೇ ಅಳೆದೆ. ಅಳತೆಯನ್ನು ನಾನು ಯಾರ ಕೈಗೂ ಬಿಡುವುದಿಲ್ಲ.

ಎಲೆ ಬಿಡಿಸುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಹದಿನಾರರ ಎಲೆ ತೆಳ್ಳಗೆ, ನಡುವಿನ ನಾರು ಮಾತ್ರ ಗಟ್ಟಿ. ನಾರು ಸೇರಿದರೆ ಸಾರ ಲೋಳೆಯಾಗುತ್ತದೆ. ಬೇರೆ ಎಲೆಗಳನ್ನು ಇಡಿಯಾಗಿ ಅರೆಯಬಹುದು, ಇದನ್ನು ಮಾತ್ರ ತೊಟ್ಟಿನ ಹತ್ತಿರ ಚಿವುಟಿ ನಾರನ್ನು ಒಂದೇ ಎಳೆತಕ್ಕೆ ಎಳೆಯಬೇಕು. ಗ್ಲೌಸು ಹಾಕಿದರೆ ನಾರು ಬೆರಳಿಗೆ ಸಿಗುವುದೇ ಇಲ್ಲ, ಅರ್ಧ ಎಲೆ ಹರಿದು ಹೋಗುತ್ತದೆ. ಈ ಕೆಲಸದಲ್ಲಿ ನನ್ನ ಕೈಗೆ ಸಾಟಿಯಾದವರು ಯಾರೂ ಇಲ್ಲ. ಒಂದು ಬುಟ್ಟಿ ಎಲೆ ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. ಅವಳು ಗ್ಲೌಸು ಹಾಕಿಕೊಂಡು ಮೂರು ಗಂಟೆ ಹೆಣಗಿದಳು.

"ನೀವು ಗ್ಲೌಸ್ ಹಾಕ್ಕೊಳ್ಳಲ್ವಾ ಮೇಡಂ?" 

"ಹಾಕ್ಕೊಂಡ್ರೆ ಎಲೆ ಮಾತಾಡಲ್ಲ" ಎಂದೆ. ಅವಳು ನಗಲಿಲ್ಲ. ಜೇಬಿನಿಂದ ಒಂದು ನೀಲಿ ಪುಸ್ತಕ ತೆಗೆದು ಏನೋ ಗೀಚಿಕೊಂಡಳು. ನನ್ನ ಕೈ ನೋಡುವುದು, ಗೀಚುವುದು. ಕೈಚಳಕ ಕದ್ದುಕೊಂಡು ಹೋಗಿ ಬೇರೆ ಲ್ಯಾಬಿಗೆ ಮಾರುವ ಯೋಚನೆಯೋ, ಅಥವಾ ಬಿರಿದ ಬೆರಳು ನೋಡಿ ಒಳಗೊಳಗೇ ನಗುತ್ತಿದ್ದಾಳೋ. ಎರಡೂ ಇದ್ದೀತು.

ಮಾರ್ಚ್ 15, ಶುಕ್ರವಾರ

ಕೈ ವಾಸಿಯಾಗಿದೆ. ಅಕ್ಕ ಕನ್ನಡಕ ಹಾಕಿ ಸಂದು ಸಂದು ಪರೀಕ್ಷಿಸಿ ಡಿಸ್ಚಾರ್ಜ್ ಮಾಡಿದಳು. ಹಿಂಡಿ ಸಪ್ಪಟೆಯಾದ ಟ್ಯೂಬನ್ನು ಬುಟ್ಟಿಗೆಸೆದೆ.

ಮಾರ್ಚ್ 22, ಶುಕ್ರವಾರ

ನನ್ನ ತಟ್ಟೆಯಲ್ಲೂ ಸೊನ್ನೆ.

ಬೆಳಕಿಗೆ ಹಿಡಿದು, ತಿರುಗಿಸಿ, ಭೂತಗನ್ನಡಿ ಇಟ್ಟು ನೋಡಿದೆ. ವೃತ್ತವಿರಲಿ, ಅದರ ನೆರಳೂ ಇಲ್ಲ. ಎಲೆ ತೊಳೆದದ್ದು ನಾನು, ಬಿಡಿಸಿದ್ದು ನಾನು, ನೆನೆಸಿದ್ದು ನಾನು. ಬುಧವಾರ ಮಧ್ಯಾಹ್ನ ಒಂದೂವರೆ ಗಂಟೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಆಗ ಲ್ಯಾಬಿನಲ್ಲಿ ಇದ್ದವಳು ಅವಳೊಬ್ಬಳೇ.

ಅವಳ ತಟ್ಟೆ ಸೊನ್ನೆಯಾದರೆ ದಡ್ಡಿ ಅನ್ನಿಸಿಕೊಳ್ಳುತ್ತಾಳೆ. ನನ್ನದೂ ಸೊನ್ನೆಯಾದರೆ ಎಲೆಯೇ ಸುಳ್ಳು, ಅವಳು ಬಚಾವು. ಈಗ ಅರ್ಥವಾಯಿತು.

ಮಾರ್ಚ್ 25, ಸೋಮವಾರ

ಮೊದಲು ಎಲೆ ಕಿತ್ತುಕೊಡುವ ತೋಟದವರನ್ನು ವಿಚಾರಿಸಿಬಿಡೋಣ ಎಂದು ಹೋದೆ. ಅವರಿಗೂ ವಯಸ್ಸಾಯಿತು, ಕಣ್ಣು ಮಂಜು. 

"ಹದಿನಾರು ಅಂತ ಹದಿನೇಳು ಕಿತ್ತು ಕೊಟ್ರಾ?" 

ಅವರು ಪೈಪು ಕೆಳಗಿಟ್ಟು ನಿಧಾನವಾಗಿ ಎದ್ದರು. "ಅಮ್ಮಾ, ಈ ಗಿಡಾನ ಬೆರಳುದ್ದ ಇದ್ದಾಗಿಂದ ಸಾಕಿದೀನಿ. ನಿಮ್ಮನೆ ಮಕ್ಳು ಬೀದೀಲಿ ಸಿಕ್ಕಿದ್ರೆ ನಿಮಗೆ ಗುರುತು ಸಿಗಲ್ವಾ?"

"ನಮ್ಮನೇಲಿ ಇರೋದು ನಮ್ಮಕ್ಕ ಒಬ್ಳೇ."

"ಅವರನ್ನಾದ್ರೂ ಗುರುತು ಹಿಡೀತೀರಲ್ಲ" ಎಂದು ಮತ್ತೆ ಪೈಪು ಹಿಡಿದರು. ಎಲೆಯನ್ನು ಹರಿದು, ಮೂಸಿ, ಹಳೆಯ ಒಣ ಮಾದರಿಗೆ ಹೋಲಿಸಿ ನೋಡಿದೆ. ಹದಿನಾರೇ. ಅಂದರೆ ಉಳಿದವಳು ಒಬ್ಬಳು.

ಮಾರ್ಚ್ 29, ಶುಕ್ರವಾರ

ಇನ್ನೊಂದು ಬ್ಯಾಚು, ಇನ್ನೊಂದು ಸೊನ್ನೆ. ಈ ಸಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ. ಸಾರದ ಬಾಟಲಿಯ ಮೇಲೆ ಮಟ್ಟದ ಗೆರೆ ಎಳೆದಿದ್ದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಬಿಳಿ ದಾರ ಅಂಟಿಸಿದ್ದೆ. ಬೆಳಿಗ್ಗೆ ದಾರ ಹರಿದಿತ್ತು. ಸಿಕ್ಕಿಬಿದ್ದಳು ಎಂದು ಕುಣಿಯುವಷ್ಟರಲ್ಲಿ ನೆನಪಾಯಿತು, ಒಳಗೆ ಹೋದ ತಕ್ಷಣ ನೀರಿನ ಬಾಟಲಿ ಇಡಲು ಬಾಗಿಲು ತೆಗೆದವಳು ನಾನೇ.

ಅದು ಬೇರೆ ವಿಷಯ. ಸೊನ್ನೆ ಮಾತ್ರ ಸೊನ್ನೆಯೇ.

ಏಪ್ರಿಲ್ 3, ಬುಧವಾರ

ಕೊನೆಗೂ ಕೈಗೆ ಸಿಕ್ಕಳು. ಊಟ ಅರ್ಧಕ್ಕೆ ಬಿಟ್ಟು ಸದ್ದಿಲ್ಲದೆ ವಾಪಸು ಬಂದೆ. ನನ್ನ ಫೆಬ್ರವರಿಯ ಸಾರದ ಬಾಟಲಿ, ಮಾರ್ಚಿನದು, ಎರಡೂ ಅವಳ ಮೇಜಿನ ಮೇಲೆ. ಎರಡರಿಂದಲೂ ಪುಟ್ಟ ಶೀಶೆಗಳಿಗೆ ಬಗ್ಗಿಸುತ್ತಿದ್ದಳು.

"ಏನಿದು?"

"ಹಳೇದನ್ನೂ ಹೊಸದನ್ನೂ ಒಂದೇ ತಟ್ಟೆಯಲ್ಲಿಟ್ಟು ನೋಡ್ಬೇಕಿತ್ತು ಮೇಡಂ. ನಿಮ್ಮನ್ನ ಕೇಳ್ಬೇಕಿತ್ತು. ತಪ್ಪಾಯ್ತು."

"ಕೇಳಿದ್ರೆ ಕೊಡಲ್ಲ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ. ಯಾರಿಗೆ ಕೊಡೋಕೆ ಇದು?"

ಅವಳ ಮುಖ ಹುಳ್ಳಗಾಯಿತು. ನನ್ನ ಕೈ ಕಡೆ ಒಮ್ಮೆ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ತಪ್ಪಿಲ್ಲದವರು ಹಾಗೆ ಬಾಯಿ ಮುಚ್ಚುವುದಿಲ್ಲ.

ಸಾಹೇಬರಿಗೆ ಪತ್ರ ಬರೆದುಕೊಟ್ಟೆ. ನನ್ನ ಅಪ್ಪಣೆಯಿಲ್ಲದೆ ಸಾರ ತೆಗೆದಿದ್ದಾಳೆ, ಕೆಡಿಸಿದ್ದಾಳೆಂದು ಅನುಮಾನವಿದೆ ಎಂದು. ಅವರು ಹಣೆ ತಿಕ್ಕಿಕೊಂಡು, ತೀರ್ಮಾನವಾಗುವವರೆಗೆ ಅವಳು ಲೈಬ್ರರಿಯಲ್ಲಿ ಕೂತು ಓದಲಿ, ಲ್ಯಾಬಿಗೆ ಬರುವುದು ಬೇಡ ಎಂದರು. ಅವಳು ಏಪ್ರನ್ ಮಡಿಸಿ ಕುರ್ಚಿಯ ಮೇಲಿಟ್ಟು ಹೋದಳು. ಅಚ್ಚುಕಟ್ಟಾಗಿ ಮಡಿಸಿದ್ದಳು, ಅದೇಕೋ ಅದು ಕಣ್ಣಿಗೆ ಚುಚ್ಚಿತು.

ಏಪ್ರಿಲ್ 8, ಸೋಮವಾರ

ಇಬ್ಬರ ಗಾಜಿನ ಸಾಮಾನನ್ನೂ ನಾನೊಬ್ಬಳೇ ತೊಳೆಯಬೇಕು. ಹಾಳಾದ ತುರಿಕೆ ಮತ್ತೆ ಶುರುವಾಗಿದೆ. ಅಕ್ಕ ಹೊಸ ಟ್ಯೂಬು ತಂದಳು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಬ್ಯಾಗಿನಲ್ಲೇ ಹಾಕಿ ಕಳಿಸಿದ್ದಾಳೆ.

ನಾಳೆ ಹದಿನಾರರ ಹೊಸ ಬ್ಯಾಚು. ಲ್ಯಾಬಿನಲ್ಲಿ ನಾನೊಬ್ಬಳೇ. ಈಗ ಗೊತ್ತಾಗುತ್ತದೆ ಯಾರ ಬಣ್ಣ ಏನೆಂದು.

ಏಪ್ರಿಲ್ 16, ಮಂಗಳವಾರ

ಇಪ್ಪತ್ತೆರಡು ಮಿಲಿಮೀಟರು!

ಮೂರು ಸಲ ಅಳೆದೆ. ದುಂಡಗೆ, ಅಂಚು ಚೂಪಾಗಿ, ಇಷ್ಟು ಚೆಂದದ ವೃತ್ತ ಇದುವರೆಗೆ ಬಂದಿರಲಿಲ್ಲ. ಅವಳು ಹೋದಳು, ವೃತ್ತ ಬಂತು. ಇನ್ನು ಯಾವ ಸಾಕ್ಷಿ ಬೇಕು?

ಕೂತ ಕೂತಲ್ಲೇ ಅಭಿಪ್ರಾಯ ಬರೆದೆ. "ಮುಂದುವರಿಸಲು ಯೋಗ್ಯರಲ್ಲ. ನಂಬಿಕೆಗೆ ಅರ್ಹರಲ್ಲ." ಸಾಹೇಬರ ಕೈಗೇ ಕೊಟ್ಟೆ. ಇನ್ನೊಬ್ಬರ ಪರೀಕ್ಷೆಯ ಷರತ್ತನ್ನೂ ಸಡಿಲಿಸುತ್ತೇನೆ, ಕಾರಣ ಸ್ಪಷ್ಟವಿದೆಯಲ್ಲ ಎಂದರು. ಮೂವತ್ತಕ್ಕೆ ಎರಡಕ್ಕೂ ಸಹಿ ಬೀಳುತ್ತದೆ.

ಅಕ್ಕನಿಗೆ ಊಟದ ಮೇಜಿನ ನಿಯಮ ಮುರಿದು ಹೇಳಿದೆ. "ಪಾಪ, ಆ ಹುಡುಗಿಗೆ ಮಗು ಇದೆ ಅಂದಿದ್ಯಲ್ಲ" ಎಂದಳು. ಇವಳು ಯಾವಾಗಲೂ ಹೀಗೇ, ನನ್ನ ಖುಷಿಗೆ ನೀರೆರಚಲಿಕ್ಕೇ ಹುಟ್ಟಿದವಳು.

ಏಪ್ರಿಲ್ 19, ಶುಕ್ರವಾರ

ಅವಳು ಸಾಮಾನು ತೆಗೆದುಕೊಳ್ಳಲು ಬಂದಿದ್ದಳು. ಒಂದು ಲೋಟ, ಒಂದು ಸ್ವೆಟರು, ಮಗು ಗೀಚಿದ ಒಂದು ಚಿತ್ರ. ಏನಾದರೂ ಎತ್ತಿಕೊಂಡು ಹೋದಾಳೆಂದು ಪಕ್ಕದಲ್ಲೇ ನಿಂತಿದ್ದೆ. ಹೋಗುವಾಗ ನೀಲಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು.

"ಓದಿ ಮೇಡಂ. ಮನಸ್ಸಿಲ್ದಿದ್ರೆ ಬೇಡ. ಆದ್ರೆ ಒಂದೇ ಒಂದ್ಸಲ ಎಲೆ ಇಲ್ದೆ ಮಾಡಿ ನೋಡಿ."

"ಎಲೆ ಇಲ್ಲದೆ ಏನನ್ನ ಅರೀಲಿ, ನನ್ನ ತಲೇನಾ?"

"ಶಾಯಿ ಹೀರೋ ಕಾಗದ ಆದ್ರೂ ಆಗತ್ತೆ. ನೀವೇ ಬಿಡಿಸ್ಬೇಕು, ಎಲೆ ಬಿಡಿಸೋ ಹಾಗೇ. ಗ್ಲೌಸ್ ಇಲ್ದೆ."

ಹೊರಟೇ ಹೋದಳು. ಪುಸ್ತಕ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೇನೆ, ತೆರೆದಿಲ್ಲ. ಒಳಗೆ ಅತ್ತೂ ಕರೆದೂ ಕ್ಷಮೆ ಕೇಳಿರಬೇಕು, ಇಲ್ಲವೇ ನನಗೇ ಬೈದಿರಬೇಕು. ಕಾಗದ ಅರೆಯಬೇಕಂತೆ, ಕಾಗದ.

ಏಪ್ರಿಲ್ 20, ಶನಿವಾರ

ಅಕ್ಕನಿಗೆ ಮಂಡಿನೋವು, ಹಿಟ್ಟು ನಾನು ಕಲಸಿದೆ. ಅಕ್ಕ ಮೊದಲ ತುತ್ತಿಗೇ ಮುಖ ಕಿವುಚಿದಳು.

"ಮುಲಾಮಿನ ಕೈಯಲ್ಲಿ ಕಲಸಿದ್ಯಾ?"

"ಕೈ ತೊಳ್ಕೊಂಡೇ ಕಲಸಿದ್ದು. ಸೋಪು ಹಾಕಿ."

"ನೀರಲ್ಲಿ ಹೋಗೋ ಜಾತಿ ಅಲ್ಲ ಅದು. ಬಿರುಕಲ್ಲಿ ಕೂತಿರತ್ತೆ, ಏನು ಮುಟ್ಟಿದ್ರೂ ಅದಕ್ಕೆ ಹತ್ಕೊಳತ್ತೆ. ಅದಕ್ಕೇ ಅಲ್ವಾ ದಿನಕ್ಕೆರಡು ಸಲ ಹಚ್ಚಿದ್ರೆ ಸಾಕು ಅಂತ ಬರೆದಿರೋದು. ಇವತ್ತು ನಮ್ಮಿಬ್ರ ಹೊಟ್ಟೇಲೂ ಬೂಷ್ಟು ಬರಲ್ಲ ಬಿಡು."

ತಾನೇ ನಕ್ಕಳು. ಜಗಳಕ್ಕೆ ಬಾಯಿ ತೆರೆದವಳಿಗೆ "ಗ್ಲೌಸ್ ಇಲ್ದೆ" ಎಂದ ಅವಳ ಮಾತು ನೆನಪಾಯಿತು. ತುತ್ತು ಕೈಯಲ್ಲೇ ಇತ್ತು. ಎದ್ದು ಹೋಗಿ ಬ್ಯಾಗಿನಿಂದ ನೀಲಿ ಪುಸ್ತಕ ತೆಗೆದೆ.

ಒಳಗೆ ಅಳುವೂ ಇಲ್ಲ, ಬೈಗುಳವೂ ಇಲ್ಲ. ಗೆರೆ ಎಳೆದ ಒಂದು ಪಟ್ಟಿ. ತಾರೀಖು. ಎಲೆ ಬಿಡಿಸಿದವರು ಯಾರು. ಗ್ಲೌಸು ಇತ್ತೇ. ಬೆರಳಲ್ಲಿ ಬಿಳಿ ಮುಲಾಮು ಇತ್ತೇ. ವೃತ್ತ ಎಷ್ಟು. ಮುಲಾಮು ಇದ್ದ ಕಡೆಯೆಲ್ಲ ವೃತ್ತ, ಇಲ್ಲದ ಕಡೆಯೆಲ್ಲ ಸೊನ್ನೆ. ಕೆಳಗೆ, ಏಪ್ರಿಲ್ ಮೂರರ ಶೀಶೆಗಳನ್ನು ಪಕ್ಕದ ಲ್ಯಾಬಿನಲ್ಲಿ ತಟ್ಟೆಗಿಟ್ಟು ನೋಡಿದ ಲೆಕ್ಕ: "ಒಂದೇ ತಟ್ಟೆಯಲ್ಲಿ ಫೆಬ್ರವರಿಯ ಸಾರ 20, ಮಾರ್ಚ್ ಕೊನೆಯ ಸಾರ 0. ಯಾರೂ ಕೆಡಿಸಿಲ್ಲ. ಮೊದಲಿನದರಲ್ಲಿ ಏನೋ ಹೆಚ್ಚಿಗೆ ಸೇರಿದೆ."

ಕೊನೆಯ ಸಾಲು ಏಪ್ರಿಲ್ ಹತ್ತರದು. "ಕಾರಿಡಾರಿನಲ್ಲಿ ಕಂಡರು. ಕೈಗೆ ಮತ್ತೆ ಮುಲಾಮು ಹಚ್ಚಿದ್ದಾರೆ. ಈ ಸಲ ವೃತ್ತ ಬರುತ್ತದೆ."

ಹತ್ತನೇ ತಾರೀಖಿಗೆ ನಾನಿನ್ನೂ ಎಲೆಯನ್ನು ಮೆಥನಾಲಿನಲ್ಲಿ ನೆನೆಸಿಟ್ಟಿದ್ದೆ.

ಏಪ್ರಿಲ್ 22, ಸೋಮವಾರ

ಎರಡು ಜಾಡಿ ಇಟ್ಟೆ. ಒಂದರಲ್ಲಿ ಶಾಯಿ ಹೀರುವ ಕಾಗದ, ಹೊಸದು. ಬೆಳಿಗ್ಗೆ ಎಂದಿನಂತೆ ಮುಲಾಮು ಹಚ್ಚಿ, ಎಂದಿನಂತೆ ಕೈ ತೊಳೆದು, ಬರಿಗೈಯಲ್ಲಿ ಪಟ್ಟಿ ಪಟ್ಟಿಯಾಗಿ ಬಿಡಿಸಿದೆ. ಒಂದು ಬುಟ್ಟಿ, ಅರ್ಧ ಗಂಟೆ. ಇನ್ನೊಂದರಲ್ಲಿ ಹದಿನಾರರ ಎಲೆ, ಎರಡು ಜೊತೆ ಗ್ಲೌಸು ಹಾಕಿಕೊಂಡು. ಮೂರು ಗಂಟೆ ಹತ್ತು ನಿಮಿಷ ಹಿಡಿಯಿತು.

ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ತೋಟದವರಿಗೆ ಕೊಟ್ಟೆ. ಕೆಲಸದ ಹೊತ್ತಿಗಷ್ಟೇ ಅವರು ತೆಗೆಯಬೇಕು, ನಾನು ಮುಗಿಸುವವರೆಗೆ ಎದುರಿಗೇ ಕೂತಿರಬೇಕು.

"ಯಾರ ಮೇಲಮ್ಮ ಇಷ್ಟು ಅನುಮಾನ?" 

"ನನ್ನ ಮೇಲೆ" ಎಂದೆ. ಅವರು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಏಪ್ರಿಲ್ 27, ಶನಿವಾರ

ಗ್ಲೌಸಿನ ಎಲೆ, ಸೊನ್ನೆ. ಕಾಗದ, ಇಪ್ಪತ್ತಮೂರು.

ಲ್ಯಾಬಿನಲ್ಲಿ ನಾನೂ ತೋಟದವರೂ ಇಬ್ಬರೇ. ಅವರಿಗೆ ಇದರ ಅರ್ಥ ಗೊತ್ತಾಗುವುದಿಲ್ಲ. ಹಳೆಯ ತಟ್ಟೆಗಳನ್ನು ಬೇಯಿಸುವ ಡಬ್ಬಿಗೆ ಈ ತಟ್ಟೆಯನ್ನೂ ಹಾಕಿದರೆ ಅರ್ಧ ಗಂಟೆಯಲ್ಲಿ ಎಲ್ಲ ಕರಗಿ ಹೋಗುತ್ತದೆ. ಮಂಗಳವಾರ ಸಹಿ ಬೀಳುತ್ತದೆ, ಪ್ರಬಂಧದ ಮೇಲೆ ನನ್ನ ಹೆಸರು ಮೊದಲು ಬರುತ್ತದೆ. ನೀಲಿ ಪುಸ್ತಕ ನನ್ನ ಬಳಿಯೇ ಇದೆ. ಡಬ್ಬಿಯ ಮುಚ್ಚಳ ತೆಗೆದದ್ದೂ ಹೌದು. ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು?

ಇಪ್ಪತ್ತೆರಡು ವರ್ಷ ಕಾದದ್ದಕ್ಕೆ ಅಂಗಡಿಯ ಮುಲಾಮಿನ ವೃತ್ತ. ಅತ್ತುಬಿಟ್ಟೆ. ತೋಟದವರು ಗೋಡೆಯ ಕಡೆ ತಿರುಗಿ ಕೂತರು. ಅತ್ತು ಮುಗಿದ ಮೇಲೆ ನೆನಪಾದದ್ದು ಪ್ರಬಂಧವಲ್ಲ, ಅವಳು ಏಪ್ರನ್ ಮಡಿಸಿದ ರೀತಿ. "ನಂಬಿಕೆಗೆ ಅರ್ಹರಲ್ಲ" ಎಂದು ನಾನು ಬರೆದ ದಿನ ಅವಳ ಮಗು ಏನು ಮಾಡುತ್ತಿತ್ತೋ.

ತಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟೆ. ಮುಚ್ಚಳದ ಮೇಲೆ ತಾರೀಖು ಬರೆದೆ, ಅಳಿಸಲಾಗದ ಪೆನ್ನಿನಲ್ಲಿ.

ಏಪ್ರಿಲ್ 29, ಸೋಮವಾರ

ಬೆಳಿಗ್ಗೆಯೇ ಸಾಹೇಬರ ಕೋಣೆಗೆ ಹೋಗಿ ದೂರು, ಅಭಿಪ್ರಾಯ ಎರಡೂ ಪತ್ರ ವಾಪಸು ಕೇಳಿದೆ. ಏಕೆಂದು ಹೇಳಿದೆ. ಅವರು ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು. "ಇನ್ನೊಂದ್ಸಲ ಯೋಚ್ನೆ ಮಾಡಿ. ಇನ್ನೂ ಯಾರಿಗೂ ಗೊತ್ತಿಲ್ಲವಲ್ಲ" ಎಂದರು. ಅವಳಿಗೆ ಗೊತ್ತಿದೆ ಎಂದೆ. ಪತ್ರಗಳನ್ನು ಅಲ್ಲೇ ಹರಿದೆ. ಹೊಸ ಅಭಿಪ್ರಾಯದಲ್ಲಿ ಎರಡೇ ಸಾಲು ಬರೆದೆ. "ಇವರನ್ನು ಕಳಿಸಬೇಡಿ. ನನ್ನ ತಪ್ಪನ್ನು ಹಿಡಿದವರು ಇವರೊಬ್ಬರೇ."

ಅವಳಿಗೆ ಫೋನ್ ಮಾಡಿದೆ. ಮಧ್ಯಾಹ್ನ ಬಂದಳು, ಬಾಗಿಲಲ್ಲೇ ನಿಂತಳು. ಕ್ಷಮಿಸಿ ಎಂದು ಹೇಳಬೇಕೆಂದು ಬೆಳಿಗ್ಗೆ ಮನೆಯಿಂದ ಬರುವ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಮುಂಚೆಯೇ ಯಾಕೆ ಹೇಳ್ಲಿಲ್ಲ?" 

"ನೀವು ಕೈ ಜೇಬಲ್ಲಿ ಇಟ್ಕೊಂಡೇ ಓಡಾಡ್ತಿದ್ರಿ ಮೇಡಂ. ಯಾರಿಗೂ ಕಾಣಬಾರ್ದು ಅಂತ ಇದೀರಿ ಅನ್ನಿಸ್ತು. ಅದನ್ನ ಹೇಗೆ ಎತ್ತೋದು?"

ಇಷ್ಟು ದಿನ ಇವಳು ಮುಚ್ಚಿಟ್ಟದ್ದು ನನ್ನ ಮಾನವನ್ನು. ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಕ್ಷಮಿಸಮ್ಮ ಎಂದೆ, ಆಗ ಬಂತು. ಅವಳು ಕುರ್ಚಿಯ ಮೇಲಿನ ಏಪ್ರನ್ ಬಿಡಿಸಿ ಹಾಕಿಕೊಂಡಳು.

ಫ್ರಿಜ್ಜಿನಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟೆ. ಸ್ಕೇಲನ್ನು ಅವಳ ಕೈಗೆ ಕೊಟ್ಟೆ. ಅವಳು ಬಗ್ಗಿ, ಒಂದು ಕಣ್ಣು ಮುಚ್ಚಿ ಅಳೆದಳು.

"ಇಪ್ಪತ್ತಮೂರು, ಮೇಡಂ." 

"ರಿಜಿಸ್ಟರಲ್ಲಿ ಹಾಕು."

ತಾರೀಖು ಬರೆದಳು. ಅಳತೆ ಬರೆದಳು. ಎಲೆಯ ನಂಬರಿನ ಅಂಕಣಕ್ಕೆ ಬಂದಾಗ ಪೆನ್ನು ನಿಲ್ಲಿಸಿ ನನ್ನತ್ತ ನೋಡಿದಳು. ಒಂದರಿಂದ ನಲವತ್ತರವರೆಗೆ ನಂಬರುಗಳಿವೆ, ಇದಕ್ಕೆ ಯಾವುದೂ ಇಲ್ಲ.

"ಏನಂತ ಬರೀಲಿ?"

ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿಕೊಂಡೆ. ಪೆನ್ನು ಇಸಿದುಕೊಂಡು ಆ ಅಂಕಣದಲ್ಲಿ "ನನ್ನ ಕೈ" ಎಂದು ಬರೆದು ಸಹಿ ಹಾಕಿದೆ.